ಕೌನ್ಸೆಲರ್ ಕೊಟ್ಟ ಸೊನ್ನೆ

ಶಾಲೆಯಲ್ಲೂ ನನಗೆ ಯಾರೂ ಸೊನ್ನೆ ಕೊಟ್ಟಿರಲಿಲ್ಲ. ಕೊಟ್ಟವಳು ನವನಗರದ ವ್ಯಸನ ಬಿಡಿಸುವ ಕೇಂದ್ರದ ಕೌನ್ಸೆಲರ್, ನನ್ನ ಮಗಳ ವಯಸ್ಸಿನ ಹುಡುಗಿ.

ನಾನು ಇಳಕಲ್ಲಿನ ನೇಕಾರ. ಮೂರು ವರ್ಷ ನಶೆಯ ಸೂಜಿ ಚುಚ್ಚಿಕೊಂಡವನು. ಅದನ್ನು ಬಿಡಿಸುವ ಗುಳಿಗೆಯನ್ನು ದಿನಾ ಬೆಳಿಗ್ಗೆ ಕೇಂದ್ರದವರ ಕಣ್ಣೆದುರೇ ನಾಲಿಗೆಯಡಿ ಇಟ್ಟುಕೊಳ್ಳಬೇಕು. ಹಾಗೆ ಹನ್ನೆರಡು ದಿನ ಹೋಗಿದ್ದೆ. ಅವತ್ತು ಆಕೆ ಮುಂದಿನ ಚಿಕಿತ್ಸೆ ಗೊತ್ತುಮಾಡಲು ಒಂದು ಪರೀಕ್ಷೆ ಇಟ್ಟಳು. ಕಥೆಯ ಮೊದಲು ಮತ್ತು ಕೊನೆ ಆಕೆ ಹೇಳುತ್ತಾಳೆ, ನಡುವೆ ಏನಾಯಿತೆಂದು ನಾನು ಹೇಳಬೇಕು. ಒಬ್ಬಾತ ತನ್ನ ಗೆಳೆಯನ ಜೊತೆ ಜಗಳಾಡಿದ, ಕೊನೆಗೆ ಇಬ್ಬರೂ ಒಂದಾದರು.

"ಹಿರ್ಯಾರು ಕೂತು ಬಗಿಹರಿಸಿರ್ತಾರ್ರಿ," ಎಂದೆ. ನಮ್ಮ ಓಣಿಯಲ್ಲಿ ಜಗಳ ಮುಗಿಯುವುದೇ ಹಾಗೆ.

"ಅಂವಾ ತಾನ ಏನ್ ಮಾಡಿದಾ, ಕಾಕಾ?"

"ಮಂದಿ ಕಥಿ, ನನಗೇನ್ ಗೊತ್ರಿ?"

ಸೊನ್ನೆ. ಸಮಸ್ಯೆ ಬಿಡಿಸುವ ಶಕ್ತಿ ಇಲ್ಲವೆಂದು ಬರೆದು, ಎರಡು ತಿಂಗಳು ಕೇಂದ್ರದ ಒಳಗೇ ಇರಬೇಕೆಂದಳು. ಮೈಯೆಲ್ಲ ಉರಿಯಿತು. ಸೂಜಿಗಾಗಿ ಹೆಂಡತಿಗೊಂದು, ಪೊಲೀಸರಿಗೊಂದು ಕಥೆ ಕಟ್ಟಿದ ಈ ತಲೆಯಲ್ಲಿ ಬುದ್ಧಿಯೇ ಇಲ್ಲವಂತೆ! ಉರಿಯ ಕೆಳಗೆ ಹೆದರಿಕೆಯೂ ಇತ್ತು. ಹಿಂದೊಮ್ಮೆ ಹಾಗೆ ಒಳಗಿದ್ದು, ಹೊರಬಂದ ದಿನವೇ ಮತ್ತೆ ಸೂಜಿ ಹಿಡಿದು ಸಾಯುವುದರಲ್ಲಿದ್ದೆ. ಮಗ್ಗ ಬಿಟ್ಟು ಖಾಲಿ ಕೂತರೆ ನನ್ನ ಕೈಗೆ ಅದೊಂದೇ ನೆನಪು.

"ಮೇಡಮ್ಮಾರ, ಈಗ ನನ್ನ ಕಥಿ ಕೇಳ್ರಿ. ಮೊದಲು ಸೂಜಿ. ಕೊನಿಗೆ ಬಿಟ್ಟೇನಿ. ನಡುವ ಏನ್ ಮಾಡ್ತೇನಿ, ಹೇಳ್ಲೇನು?"

ಹೇಳಿಯೇಬಿಟ್ಟೆ. ಸೂಜಿ ಮಾರುವವನು ಬಸ್ ನಿಲ್ದಾಣದಲ್ಲಿ ನಿಲ್ಲುತ್ತಾನೆ, ಅದಕ್ಕೇ ಕೇಂದ್ರಕ್ಕೆ ಬರಲು ನಾನು ಊರ ಹೊರಗಿನ ಕ್ರಾಸಿಗೆ ನಡೆದುಹೋಗಿ ಹುನಗುಂದದ ಬಸ್ಸು ಹಿಡಿಯುತ್ತೇನೆ. ಫೋನು ಹೆಂಡತಿಯ ಹತ್ತಿರ. ಸಂಜೆ ಮನಸ್ಸು ಎಳೆಯುವ ಹೊತ್ತಿಗೆ ಅವ್ವನ ಎದುರು ಕೂತು ಸೀರೆಗೆ ಸೆರಗಿನ ಎಳೆ ಕೂಡಿಸುತ್ತೇನೆ. ನಮ್ಮದು ಇಲ್ಲದಿದ್ದರೆ ನೆರೆಮನೆಯ ಸೀರೆ. ಇಬ್ಬರು ಕೂತೇ ಮಾಡಬೇಕಾದ ಕೆಲಸ, ನಡುವೆ ಎದ್ದರೆ ಅವ್ವ ನನ್ನ ಜನ್ಮ ಜಾಲಾಡುತ್ತಾಳೆ.

ಆಕೆ ಪೆನ್ನು ಕೆಳಗಿಟ್ಟಳು. "ಇದನ್ನ ಮೊದ್ಲ ಯಾಕ ಹೇಳ್ಲಿಲ್ಲ?"

"ನೀವು ಕೇಳಿದ್ದು ಮಂದಿ ಕಥಿರಿ."

ಒಳಗಿಡುವ ಸಾಲನ್ನು ಹೊಡೆದುಹಾಕಿ, ನಾನು ಹೇಳಿದ್ದನ್ನು ಹೇಳಿದ ಹಾಗೆ ಬರೆದಳು. ಸೊನ್ನೆಯನ್ನು ಮಾತ್ರ ತಿದ್ದಲು ಬರುವುದಿಲ್ಲವಂತೆ. ಇರಲಿ ಬಿಡಿ. ಗುಳಿಗೆ ತೆಗೆದುಕೊಂಡು ದಿನಾ ಅದರ ಕೆಳಗೇ ಸಹಿ ಮಾಡುತ್ತೇನೆ. ಜಾಗ ಸಾಲದೆ ನಿನ್ನೆ ಇನ್ನೊಂದು ಹಾಳೆ ಹಚ್ಚಿದರು.