ಪೂಜೆಗೆ ಕುಳಿತ ಇಂಗ್ಲಿಷ್ ಪುಸ್ತಕ

ಎಂಬತ್ತರ ದಶಕದ ಆರಂಭ. ಕಾರ್ಕಳದ ಕಾಲೇಜೊಂದರಲ್ಲಿ ನಾನು ಇಂಗ್ಲಿಷಿನ ತಾತ್ಕಾಲಿಕ ಉಪನ್ಯಾಸಕಿ, ಮನೆ ಕಾಪುವಿನಲ್ಲಿ. ದಿನಕ್ಕೆ ನಾಲ್ಕು ಬಸ್ಸು, ಮೂರರಲ್ಲಿ ನಿಂತೇ ಪ್ರಯಾಣ. ಸಾಹಸವೇನಲ್ಲ, ಸುಸ್ತು ಅಷ್ಟೇ.

ದುರಂತ ನಾಟಕದ ಪಾಠಕ್ಕೆಂದು ಮಣಿಪಾಲದಲ್ಲಿದ್ದ ನನ್ನ ಹಳೆಯ ಪ್ರೊಫೆಸರರಿಂದ ಒಂದು ಪುಸ್ತಕ ತಂದಿದ್ದೆ. ಇಂಗ್ಲಿಷ್ ನಾಟಕ, ಕವಿತೆಗಳೆಲ್ಲ ಸೇರಿದ ನೂರು ವರ್ಷ ಹಳೆಯ ಸಂಪುಟ. ಚರ್ಮದ ರಟ್ಟು, ಪ್ರತಿ ಚಿತ್ರದ ಮೇಲೂ ತೆಳು ಕಾಗದ. ಸರ್‌ಗೆ ಒಂದು ಕಣ್ಣು ಹೋಗಿ ವರ್ಷಗಳಾಗಿದ್ದವು. ಇನ್ನೊಂದಕ್ಕೆ ಪೊರೆ ಬಂದಿತ್ತು.

ನವರಾತ್ರಿಯಲ್ಲಿ ನಮ್ಮಲ್ಲಿ ಪುಸ್ತಕಗಳನ್ನು ಶಾರದೆಯ ಮುಂದೆ ಪೂಜೆಗಿಟ್ಟರೆ ವಿಜಯದಶಮಿಯವರೆಗೆ ಯಾರೂ ಮುಟ್ಟುವಂತಿಲ್ಲ. ದೊಡ್ಡದೆಂದು ಸರ್ ಕೊಟ್ಟ ಪುಸ್ತಕವನ್ನೇ ಎಲ್ಲದರ ಅಡಿಯಲ್ಲಿಟ್ಟೆ. ಅಂದು ಸಂಜೆಯೇ ಅವರ ಕಾರ್ಡು ಬಂತು. ನಾಡಿದ್ದು ಕಣ್ಣಿನ ಆಪರೇಷನ್, ಡಾಕ್ಟರು ಭರವಸೆ ಕೊಡುತ್ತಿಲ್ಲ, ಅದಕ್ಕೆ ಮೊದಲು ಚಿತ್ರಗಳನ್ನೊಮ್ಮೆ ನೋಡಬೇಕು, ನಾಳೆ ತಂದುಕೊಡು.

"ಅಮ್ಮಾ, ಅದೊಂದನ್ನು ತೆಗೀಲಾ?"

"ನಿನಗೆ ಮಂಡೆ ಸಮ ಉಂಟಾ ಮಾರಾಯ್ತಿ? ಇಟ್ಟದ್ದನ್ನು ಎಳೆಯುವುದಾ? ಇರುವ ಕೆಲಸವೂ ಹೋದೀತು!"

"ಅದು ಇಂಗ್ಲಿಷ್ ಪುಸ್ತಕ ಅಮ್ಮ."

"ಶಾರದೆಗೆ ಇಂಗ್ಲಿಷ್ ಬರುವುದಿಲ್ಲ ಅಂತ ನಿನಗೆ ಹೇಳಿದ್ದು ಯಾರು?"

ದೇವರ ಭಯದಿಂದ ಸುಮ್ಮನಾದೆ ಎಂದರೆ ಸುಳ್ಳಾದೀತು. ಜಗಳವಾಡುವ ತ್ರಾಣವಿರಲಿಲ್ಲ. ಮರುದಿನ ಮಣಿಪಾಲಕ್ಕೂ ಹೋಗಲಿಲ್ಲ. ರಜೆಯಲ್ವಾ, ಮಲಗಿದೆ.

ವಿಜಯದಶಮಿಯ ಮರುದಿನ ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲದ ಆಸ್ಪತ್ರೆಗೆ ಹೋದೆ. ಸರ್ ಕಣ್ಣಿಗೆ ಕಟ್ಟು ಹಾಕಿಕೊಂಡು ಕುಳಿತಿದ್ದರು. ಪುಸ್ತಕವನ್ನು ಮಡಿಲಿಗಿಟ್ಟೆ. ಅಂಚು ಸವರಿ, ತೆಳು ಕಾಗದ ಬೆರಳಿಗೆ ಸಿಕ್ಕಲ್ಲಿ ಪುಟ ತೆರೆದರು.

"ಓದಬೇಡ. ಚಿತ್ರದಲ್ಲಿ ಎಂತ ಉಂಟು, ಹೇಳು."

"ರಾಜ ಸತ್ತು ಬಿದ್ದಿದ್ದಾನೆ ಸರ್. ಪಕ್ಕದಲ್ಲಿ ಇಬ್ಬರು ಸೈನಿಕರು."

"ಮೂವರು. ಒಬ್ಬ ಕಂಬದ ಹಿಂದೆ ಇದ್ದಾನೆ. ಹೀಗಾ ನೀನು ಪಾಠ ಮಾಡುವುದು?"

ನೋಡಿದೆ. ಕಂಬದ ಹಿಂದೆ ಒಬ್ಬನಿದ್ದ.

ಪೂಜೆಗಿಟ್ಟಿದ್ದರಿಂದ ತರಲಾಗಲಿಲ್ಲ ಎಂದು ಶುರು ಮಾಡಿದವಳು, ಕೊನೆಗೆ ನಿಜ ಹೇಳಿಬಿಟ್ಟೆ. "ಎತ್ತಬಹುದಿತ್ತು ಸರ್. ಎತ್ತಲಿಲ್ಲ."

"ಹೌದು, ಎತ್ತಬಹುದಿತ್ತು" ಎಂದರು. ಪರವಾಗಿಲ್ಲ ಎನ್ನಲಿಲ್ಲ. ತಡಕಿ ಪುಟ ತಿರುಗಿಸಿ, "ಮುಂದಿನದ್ದು?" ಎಂದರು.

ಕಟ್ಟು ಬಿಚ್ಚಿದ ಮೇಲೂ ಅವರಿಗೆ ಬೆಳಕು, ನೆರಳು ಬಿಟ್ಟರೆ ಬೇರೇನೂ ಕಾಣಲಿಲ್ಲ. ಭಾನುವಾರ ಬರುತ್ತೀಯಾ ಎಂದು ಕೇಳಿದರು. ಇಲ್ಲವೆನ್ನಲು ನನಗೆ ಯಾವ ಬಾಯಿ ಇತ್ತು? ಎರಡು ವರ್ಷ ಪ್ರತಿ ಭಾನುವಾರ ಹೋಗಿ ಅವರ ಪುಸ್ತಕಗಳ ಚಿತ್ರಗಳನ್ನು ಹೇಳಿದೆ. ಪುಣ್ಯದ ಕೆಲಸ ಎಂದು ಯಾರಾದರೂ ಹೊಗಳಿದರೆ ಮೈ ಉರಿಯುತ್ತಿತ್ತು. ವಾರಕ್ಕೊಂದೇ ದಿನ ಸಿಗುತ್ತಿದ್ದ ನಿದ್ದೆಯೂ ಆ ಬಸ್ಸುಗಳಲ್ಲೇ ಹೋಯಿತು.