ಆಕಿ ಯಾಕ ಎದ್ಲು?

ಸುಭಾಸ್ ಇಲ್ಲವಂತೆ...
ಬೆಳಿಗ್ಗೆ ಮೆಸೇಜ್ ಬಂತು. ಹಾರ್ಟ್ ಅಟ್ಯಾಕ್.
ಬೇರೆ ಯಾರೋ ಸುಭಾಸ್ ಇರಬೇಕು ಎಂದುಕೊಂಡು ಅವರ ನಂಬರಿಗೇ ಫೋನ್ ಮಾಡಿದೆ.
ಅವರ ಅಪ್ಪ ಎತ್ತಿದರು...

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ.
ಸುಭಾಸ್ ದಾಂಡೇಲಿಯವರು. ಮಿಲ್ ಕೆಲಸಗಾರರ ಮಗ.
ನಾನು ಮಾಡಿದ ಒಂದೇ ಒಂದು ಸಿನಿಮಾಕ್ಕೆ ಸೌಂಡ್ ಡಿಸೈನ್ ಅವರದು.
ಶೂಟಿಂಗ್ ಅಲ್ಲಿನ ಮಿಲ್ ಕ್ವಾರ್ಟರ್ಸ್‌ನಲ್ಲೇ.

ಅದರಲ್ಲೊಂದು ದೃಶ್ಯ...
ಹೆಂಡತಿ ಅಕ್ಕಿ ಆರಿಸುತ್ತ ಕೂತಿದ್ದಾಳೆ. ಮಧ್ಯಾಹ್ನ ಮಿಲ್ಲಿನ ಸೈರನ್ ಕೂಗುತ್ತದೆ. ಗಂಡ ಊಟಕ್ಕೆ ಬರುವ ಹೊತ್ತು.
ಅವಳು ಏಳುತ್ತಾಳೆ. ಅಷ್ಟೇ.

ಆ ಸೈರನ್ನಿಗೆ ಅಲ್ಲಿ ಭೋಂಗಾ ಎನ್ನುತ್ತಾರೆ.
ಸುಭಾಸ್ ಅದನ್ನು ರೆಕಾರ್ಡ್ ಮಾಡಲು ಮೂರು ಮಧ್ಯಾಹ್ನ ಕಾದರು. ಒಮ್ಮೆ ಮಿಲ್ ಗೇಟಿನಲ್ಲಿ, ಒಮ್ಮೆ ಜೊಯಿಡಾ ರಸ್ತೆಯಲ್ಲಿ... ಕೊನೆಗೆ ಒಂದು ಅಡುಗೆಮನೆಯೊಳಗೆ, ಕಿಟಕಿ ಮುಚ್ಚಿ.
"ಹೆಂಚಿನ ಮ್ಯಾಲಿಂದ ಇಳದು ಬರಬೇಕ್ರಿ ಮೇಡಮ್. ಆಕಿ ಕಿವಿಗೆ ಹೆಂಗ ಬರ್ತೈತೋ ಹಂಗ."

ಮಿಕ್ಸಿಂಗ್‌ನಲ್ಲಿ ನಾನು ಅದನ್ನು ತೆಗೆಸಿದೆ.
ಕಾಡಿನ ನಡುವಿನ ಊರು, ಸೈರನ್ ಒರಟು ಅನಿಸಿತು. ಅತ್ತಿವೇರಿ ಪಕ್ಷಿಧಾಮದಲ್ಲಿ ಅವರೇ ರೆಕಾರ್ಡ್ ಮಾಡಿದ್ದ ಹಕ್ಕಿಗಳನ್ನು ಹಾಕಿಸಿದೆ.
"ಭೋಂಗಾ ತಗದ್ರ ಆಕಿ ಯಾಕ ಏಳ್ತಾಳ್ರಿ?"
ಒಂದೇ ಸಲ ಕೇಳಿದರು. ನಾನು ಡೈರೆಕ್ಟರ್. ತೆಗೆದರು.

ಬೆಂಗಳೂರಿನ ವಿಮರ್ಶಕರೊಬ್ಬರು, ಅವಳು ಥಟ್ಟನೆ ಏಳುವುದರಲ್ಲಿ ಹೆಣ್ಣಿನ ಒಳಗಿನ ತಳಮಳ ಕಂಡರು.
ನಾನು ಹೌದೆಂದು ತಲೆಯಾಡಿಸಿದೆ...

ಸುಭಾಸ್, ದಾಂಡೇಲಿಯ ಶೋ ನೆನಪಿದೆಯಾ ನಿಮಗೆ?
ಹಾಲ್ ತುಂಬ ನಿಮ್ಮ ಜನ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ನಿಮ್ಮ ಅಪ್ಪ.
ಅವಳು ಎದ್ದಳು.
ಹಿಂದಿನಿಂದ ಒಬ್ಬರು, "ಆಕಿ ಯಾಕ ಎದ್ಲೋ ಸುಭ್ಯಾ? ಇರಿವಿ ಕಡೀತೇನು?"
ಇನ್ನೊಬ್ಬರು, "ಅತ್ತಿವೇರಿ ಹಕ್ಕಿ ಕ್ವಾರ್ಟರ್ಸಿಗೆ ಬಂದಾವಲ್ಲೋ, ಕಾಳು ಹಾಕಾಕ ಎದ್ದಾಳ."
ಇಡೀ ಹಾಲ್ ನಕ್ಕಿತು.
ನಿಮ್ಮ ಅಪ್ಪ ನಗಲಿಲ್ಲ. ನಿಮ್ಮ ಕಡೆ ತಿರುಗಿದರು.
"ಮೂವತ್ತು ವರ್ಷ ಆ ಭೋಂಗಾ ಕೇಳಿ ಉಂಡೇವಿ. ನೀನೂ ಮರತ್ಯಾ?"
"ತಪ್ಪಾತು, ಅಪ್ಪಾ" ಎಂದಿರಿ.

ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಒಂದು ಮಾತು ಸಾಕಿತ್ತು.
ಯಾಕೆ ಹೇಳಲಿಲ್ಲ? ನಾಚಿಕೆಯೋ, ಬಿಂಕವೋ... ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.
ಹೊರಗೆ ಚಹಾ ಕುಡಿಯುವಾಗ ನೀವೇ ನನ್ನನ್ನು ಸಮಾಧಾನ ಮಾಡಿದಿರಿ. "ಬಿಡ್ರಿ ಮೇಡಮ್, ನಾಳಿಗೆ ಮರೀತಾರ."

ಮರೆತಿರಲಿಲ್ಲ.
ಇವತ್ತು ಫೋನಿನಲ್ಲಿ ನಿಮ್ಮ ಅಪ್ಪ ಅಂದರು...
"ಪಿಕ್ಚರದಾಗ ಅದೊಂದು ತಪ್ಪು ಮಾಡಿದ್ದ ನೋಡ್ರಿ. ಅದೊಂದು ಬಿಟ್ರ ಕೆಲಸದಾಗ ಭಾಳ ಚೊಕ್ಕ ಇದ್ದ ನನ್ನ ಮಗ."
ಹಿಂದೆ ಹೆಂಗಸರು ಅಳುತ್ತಿದ್ದರು.
ಆಗಲೂ ನಿಜ ಹೇಳದೆ ಫೋನ್ ಇಟ್ಟೆ.

ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.
ಭೋಂಗಾ ತೆಗೆಸಿದ್ದು ನಾನು. ಸುಭಾಸ್ ಏನನ್ನೂ ಮರೆತಿರಲಿಲ್ಲ.
ನೀವೆಲ್ಲ ಓದುತ್ತೀರಿ, ಕಮೆಂಟ್ ಹಾಕುತ್ತೀರಿ. ಅವರ ಅಪ್ಪ ಕಂಪ್ಯೂಟರ್ ಮುಟ್ಟುವವರಲ್ಲ.
ಸಂಜೆಗೇ ಮಣ್ಣು ಮಾಡುತ್ತಾರಂತೆ. ಬೆಂಗಳೂರಿನಿಂದ ಯಾವ ಬಸ್ಸು ಹಿಡಿದರೂ ಅಷ್ಟರಲ್ಲಿ ತಲುಪಲಾರೆ.
ಆದರೂ ಹೋಗುತ್ತೇನೆ. ಅವರ ಅಪ್ಪನ ಎದುರು ಕೂತು ಹೇಳುತ್ತೇನೆ.
ಹೇಳಿದ ಮೇಲೆ... ತಪ್ಪು ಮಗನದಲ್ಲ ಎಂದು ತಿಳಿದರೂ ಅವರು ಈಗ ಯಾರ ಬೆನ್ನು ತಟ್ಟಬೇಕು?

ಹೋಗಿ ಬನ್ನಿ ಸುಭಾಸ್...
ನಿಮ್ಮ ಜೀವ ಎಲ್ಲಿದ್ದರೂ ತಣ್ಣಗಿರಲಿ.