ಕೈ ಚಾಚಿದ ಯಂತ್ರ

ವಾಶಿಯ ಮಾಲ್‌ನಲ್ಲಿ ಸಿನಿಮಾ ಮುಗಿದು ದೀಪ ಹತ್ತಿಕೊಂಡಾಗ ನನ್ನ ಬಲಗೈ ಗಾಳಿಯಲ್ಲಿ ಚಾಚಿಕೊಂಡೇ ಇತ್ತು. ಪಕ್ಕದ ಸೀಟಿನ ಹೆಂಗಸು ತನ್ನ ಪಾಪ್‌ಕಾರ್ನ್ ಡಬ್ಬವನ್ನು ಮೆಲ್ಲಗೆ ಆಚೆ ಸರಿಸಿಕೊಂಡಳು. ಐವತ್ತು ದಾಟಿದ, ಕನ್ನಡಕ ಹಾಕಿದ ಗೃಹಸ್ಥ ಹೀಗೆ ಕೈ ನೀಡಿ ಕುಳಿತರೆ ಯಾರಿಗಾದರೂ ಅನುಮಾನ ಬಾರದೆ ಇರುತ್ತದೆಯೇ? ಮಗಳು ನನ್ನ ಕೈಯನ್ನು ಹಿಡಿದು ಕೆಳಗಿಳಿಸಿದಳು.

ನಾನು ಕಾಯುತ್ತಿದ್ದದ್ದು ಒಂದು ದೃಶ್ಯಕ್ಕಾಗಿ. ಅದು ಬರಲೇ ಇಲ್ಲ.

ಇದು ನಾನು ಚಿಕ್ಕಂದಿನಲ್ಲಿ ನೋಡಿದ ಒಂದು ಇಂಗ್ಲಿಷ್ ಸಿನಿಮಾದ ರೀಮೇಕು. ಸಮುದ್ರದ ತಳದಲ್ಲಿ ಒಂದು ಊರು. ನೀರು ಒಳಗೆ ನುಗ್ಗದಂತೆ ಹೆಬ್ಬಾಗಿಲು ಕಾಯುವ ಎರಡು ಯಂತ್ರಮಾನವರು. ಒಬ್ಬ ಯಜಮಾನರ ಮಾತು ಮೀರಿ, ಊರಿನವರನ್ನು ಪಾರುಮಾಡಲು ಬಾಗಿಲ ಕೀಲಿ ಎತ್ತಿಕೊಂಡು ಓಡುತ್ತಾನೆ. ಇನ್ನೊಬ್ಬ ಅವನನ್ನು ಬೆನ್ನಟ್ಟುತ್ತಾನೆ. ಹಳೆಯ ಸಿನಿಮಾದಲ್ಲಿ ಸಮುದ್ರವೆಂದರೆ ಯಾರೋ ಎರಡೂ ಬದಿಯಿಂದ ಹಿಡಿದು ಅಲುಗಾಡಿಸಿದ ನೀಲಿ ಬಟ್ಟೆ. ಯಂತ್ರಗಳು ನಡೆದರೆ ಎಣ್ಣೆ ಡಬ್ಬ ಉರುಳಿದ ಸದ್ದು. ಹೊಸದರಲ್ಲಿ ನೀರು ಎಷ್ಟು ನಿಜವಾಗಿತ್ತೆಂದರೆ ನಾನು ಕಾಲು ಮೇಲೆತ್ತಿಕೊಂಡು ಕುಳಿತಿದ್ದೆ. ಆದರೆ ಕೊನೆಯಲ್ಲಿ ಬೀಳುತ್ತಿರುವ ಬಾಗಿಲನ್ನು ಹೆಗಲ ಮೇಲೆ ಹೊತ್ತು, ಅಣ್ಣ ತಮ್ಮನಿಗೆ ಕೈ ಚಾಚುವ ದೃಶ್ಯವನ್ನೇ ತೆಗೆದುಬಿಟ್ಟಿದ್ದರು. ಅದರ ಬದಲು ಇಪ್ಪತ್ತು ನಿಮಿಷ ಸಿಡಿಮದ್ದು.

"ಸಿನಿಮಾದ ಜೀವವನ್ನೇ ತೆಗೆದಿದ್ದಾರೆ! ಅಣ್ಣತಮ್ಮಂದಿರೇ ಇಲ್ಲ!" ಎಂದು ಎಸ್ಕಲೇಟರ್ ಮೇಲೆ ನಿಂತು ಕೂಗಾಡಿದೆ.

ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಕೌನ್ಸಾ ಭಾಯಿ, ಪಪ್ಪಾ? ವೋ ದೋನೋ ತೋ ಮಶೀನ್ ಹೈ."

ಯಾವ ಅಣ್ಣತಮ್ಮ, ಅವೆರಡೂ ಮಶೀನ್ ಅಂತೆ! ಆ ಇಬ್ಬರು ಹೇಗೆ ಅಣ್ಣತಮ್ಮಂದಿರಾದರು ಎಂಬುದನ್ನು ನಿಮಗಾದರೂ ಹೇಳುತ್ತೇನೆ.

ನನ್ನ ದೊಡ್ಡಪ್ಪ ಉಡುಪಿ ಕಡೆಯಿಂದ ಬಂದು ಕಲ್ಯಾಣದ ಒಂದು ಲಾಡ್ಜಿನ ಕೌಂಟರಿನಲ್ಲಿ ಕೂತವರು. ರಜೆಯ ದಿನ ತಾಳಮದ್ದಳೆಯ ಅರ್ಥಧಾರಿ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಕುಳಿತಲ್ಲೇ ಮಾತಿನಿಂದ ಕೌರವನಾಗುವ ಮನುಷ್ಯ. ಮನೆಯಲ್ಲಿ ತುಳು, ಕೌಂಟರಿನಲ್ಲಿ ಹಿಂದಿ, ಅರ್ಥ ಹೇಳುವಾಗ ಮಾತ್ರ ಅಚ್ಚ ಪುಸ್ತಕದ ಕನ್ನಡ. ಅಪ್ಪನನ್ನು ಊರಿನಿಂದ ಕರೆತಂದು ಅದೇ ಲಾಡ್ಜಿನ ಹೋಟೆಲಿಗೆ ಸೇರಿಸಿದ್ದೂ ಅವರೇ. ಕೆಲವು ವರ್ಷದ ಮೇಲೆ ಅಪ್ಪ ಅಣ್ಣನಿಗೆ ಒಂದು ಮಾತೂ ಹೇಳದೆ ಠಾಣೆಯ ವಾಗ್ಳೆ ಎಸ್ಟೇಟಿನ ಕಾರ್ಖಾನೆಗೆ ಸೇರಿದ. ನಮ್ಮ ಸಂಸಾರ ಡೊಂಬಿವಲಿಗೆ ಬಂತು. "ಕೇಳಿಯಾದರೂ ಹೋಗಬಹುದಿತ್ತು" ಎಂಬುದು ದೊಡ್ಡಪ್ಪನ ಕೋಪ. "ಕೇಳಿದ್ದರೆ ಬಿಡುತ್ತಿದ್ದರಾ?" ಎಂಬುದು ಅಪ್ಪನ ಕೋಪ. ಎರಡೂ ನಿಜವಾದ್ದರಿಂದ ಜಗಳ ಮುಗಿಯಲಿಲ್ಲ. ಎರಡು ವರ್ಷ ಮಾತಿಲ್ಲ, ಕತೆಯಿಲ್ಲ. ದೊಡ್ಡಪ್ಪನ ಮನೆಯಿದ್ದ ವಿಠ್ಠಲವಾಡಿಗೂ ನಮ್ಮ ಡೊಂಬಿವಲಿಗೂ ನಡುವೆ ಇರುವುದು ಎರಡೇ ಎರಡು ಸ್ಟೇಷನ್ನು.

ವರ್ಷಕ್ಕೊಮ್ಮೆ ದೊಡ್ಡಪ್ಪನ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಊರವರೆಲ್ಲ ಸೇರಿ ಸತ್ಯನಾರಾಯಣ ಪೂಜೆ ಮಾಡಿಸುತ್ತಿದ್ದರು. ದೇವರ ಕಾರ್ಯ ತಪ್ಪಿಸುವ ಹಾಗಿಲ್ಲ, ಅಪ್ಪ ಬರುತ್ತಿದ್ದ. ಇಬ್ಬರೂ ಒಂದೇ ಪಂಕ್ತಿಯ ಎರಡು ತುದಿಯಲ್ಲಿ ಕೂತು ಊಟ ಮಾಡುತ್ತಿದ್ದರು. ಪಾಯಸ ಬಡಿಸುವವರಿಗೇ ಸಂಕಟ.

ಊಟವಾದ ಮೇಲೆ ಉಲ್ಹಾಸನಗರದಿಂದ ಬಾಡಿಗೆಗೆ ತಂದ ಟಿವಿ ಮತ್ತು ವಿಸಿಆರ್. ಜಗಳದ ಎರಡನೆಯ ವರ್ಷ ಹೇಳಿಕಳಿಸಿದ್ದು ಒಂದು ಕನ್ನಡದ ಪೌರಾಣಿಕ ಚಿತ್ರ. ಡಬ್ಬದ ಮೇಲೆ ದೇವರ ಚಿತ್ರವೇನೋ ಇತ್ತು, ಕ್ಯಾಸೆಟ್ಟು ಒಳಗೆ ಹೋದ ಮೇಲೆ ಬಂದದ್ದು ಸಮುದ್ರದ ತಳ ಮತ್ತು ಇಂಗ್ಲಿಷು. ಅಂಗಡಿ ಆಗಲೇ ಮುಚ್ಚಿತ್ತು. ಚಾಪೆಯ ಮೇಲಿದ್ದ ಮೂವತ್ತು ಜನ ಗೊಣಗಿದರು. ಆಗ ದೊಡ್ಡಪ್ಪ ಎದ್ದು ಟಿವಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕುಳಿತರು.

"ಪ್ರಸಂಗ ಯಾವುದಾದರೆ ಎಂತ ಮಾರಾಯ್ರೆ? ಪಾತ್ರ ಉಂಟಲ್ಲ, ಅರ್ಥ ನಾನು ಹೇಳ್ತೇನೆ."

ಎರಡು ಯಂತ್ರಗಳು ತೆರೆಗೆ ಬಂದವು, ತದ್ರೂಪ. ದೊಡ್ಡಪ್ಪನಿಗೆ ಅಷ್ಟು ಸಾಕಾಯಿತು. ಎದುರುಬದುರು ನಿಂತ ಇಬ್ಬರು ವೀರರು ರಕ್ತಸಂಬಂಧಿಗಳಲ್ಲದೆ ಮತ್ತೇನು? ಓಡಿದವನು ತಮ್ಮನಾದ, ಬೆನ್ನಟ್ಟಿದವನು ಅಣ್ಣನಾದ. ತಮ್ಮ ಪ್ರಜೆಗಳಿಗಾಗಿ ಒಡೆಯನನ್ನು ತೊರೆದದ್ದೂ, ಅಣ್ಣ ಉಪ್ಪಿನ ಋಣಕ್ಕೆ ಕಟ್ಟುಬಿದ್ದದ್ದೂ ಒಂದೂವರೆ ಗಂಟೆ ಹರಿಯಿತು. ತಗಡಿನ ಬಾಯಿ ಎರಡು ಶಬ್ದ ಆಡಿದರೆ ದೊಡ್ಡಪ್ಪ ಎರಡು ನಿಮಿಷ ಆಡುತ್ತಿದ್ದರು. ಗೊಣಗುತ್ತಿದ್ದವರು ಈಗ ಮೂಗು ಒರೆಸಿಕೊಳ್ಳುತ್ತಿದ್ದರು. ಅಪ್ಪ ಹಿಂದೆ ಬಾಗಿಲ ಬಳಿ, ಚಪ್ಪಲಿ ರಾಶಿಯ ಪಕ್ಕ ಕೂತಿದ್ದ.

ಕೊನೆಗೆ ಅಣ್ಣ ಹೆಬ್ಬಾಗಿಲನ್ನು ಹೆಗಲಲ್ಲಿ ತಡೆದು ಕೈ ಚಾಚಿದ. ದೊಡ್ಡಪ್ಪನ ದನಿ ಇಳಿಯಿತು. "ತಮ್ಮಾ, ಈ ಬಾಗಿಲನ್ನು ನಾನು ಹಿಡಿದು ನಿಂತದ್ದು ನಿನ್ನನ್ನು ತಡೆಯುವುದಕ್ಕಲ್ಲ. ನೀನು ಬರುವ ತನಕ ಅದು ಮುಚ್ಚಿಹೋಗದಿರಲಿ ಎಂದು."

ಹೇಳಿದವರೇ ಟಿವಿಯ ಗುಂಡಿ ಒತ್ತಿ ಆರಿಸಿ, ಮಂಗಳ ಹಾಡಿಬಿಟ್ಟರು! "ಇನ್ನೂ ಉಂಟಲ್ಲ!" ಎಂದು ನಾವು ಮಕ್ಕಳು ಬೊಬ್ಬೆ ಹಾಕಿದೆವು. "ಇನ್ನು ಬರೀ ಬೆಂಕಿ, ನೋಡ್ಲಿಕ್ಕೆ ಎಂತ ಇಲ್ಲ" ಎಂದರು. ಆ ಗಲಾಟೆಯಲ್ಲಿ ಅಪ್ಪ ಎದ್ದು, ಜನರನ್ನು ದಾಟಿಕೊಂಡು ಮುಂದೆ ಬಂದು, "ಅಣ್ಣಾ, ಚಾ ಕುಡಿಯುವನಾ?" ಎಂದ. ಇಬ್ಬರೂ ಸ್ಟೇಷನ್ ಕಡೆ ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಅಪ್ಪನಿಗೆ ಚಹಾದ ಚಟ ಇತ್ತು, ಹಾಗೆಂದೇ ನಾನು ತಿಳಿದುಕೊಂಡಿದ್ದೆ.

ಈಗ ವಾಶಿಯಿಂದ ಠಾಣೆಗೆ ಹೋಗುವ ಲೋಕಲ್ಲಿನಲ್ಲಿ ಮಗಳು ಮೊಬೈಲಿನಲ್ಲಿ ಆ ಹಳೆಯ ಸಿನಿಮಾವನ್ನೇ ಹುಡುಕಿ, ಕೊನೆಯ ಭಾಗ ತೆಗೆದು ನನ್ನ ಮುಂದೆ ಹಿಡಿದಳು. ಬಾಗಿಲು, ಹೆಗಲು, ಚಾಚಿದ ಕೈ, ಎಲ್ಲವೂ ಇದ್ದವು. ಕೆಳಗೆ ಅಕ್ಷರವೂ ಬಂತು: ಕೀಲಿ ಕೊಡು. ಓಡಿದವನು ಕೀಲಿ ಕೊಟ್ಟ. ಬೆನ್ನಟ್ಟಿದವನು ಹೆಗಲು ಸರಿಸಿದ. ಬಾಗಿಲು ಧಡಾರನೆ ಬಿತ್ತು, ಕೊಟ್ಟವನು ನೀರಿನ ಪಾಲಾದ. ಅಣ್ಣನೂ ಇಲ್ಲ, ತಮ್ಮನೂ ಇಲ್ಲ.

ನಗಬೇಕಿತ್ತು, ಆಗಲಿಲ್ಲ. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಅವನು ಆ ದಿನ ಎದ್ದು ಬಂದದ್ದು ಒಂದು ಸುಳ್ಳನ್ನು ನಂಬಿಯೇ ಎಂಬುದು ಎದೆಯಲ್ಲಿ ಮುಳ್ಳಿನಂತೆ ಕೂತಿತು. ಇಂಗ್ಲಿಷ್ ಬಾರದ ದೊಡ್ಡಪ್ಪ ಏನೋ ತಿಳಿದು ಏನೋ ಹೇಳಿದರು, ಅಪ್ಪ ಅದಕ್ಕೆ ಕರಗಿದ, ಅಷ್ಟೇ ಆಗಿತ್ತೇ?

ಮುಂದಿನ ಭಾನುವಾರ ಮಗಳನ್ನು ಕರೆದುಕೊಂಡು ವಿಠ್ಠಲವಾಡಿಗೆ ಹೋದೆ. ದೊಡ್ಡಪ್ಪನಿಗೆ ಈಗ ಎಂಬತ್ತೈದರ ಹತ್ತಿರ. ಮೊಣಕಾಲು ಸೋತಿದೆ, ನಾಲಿಗೆ ಸೋತಿಲ್ಲ. ಮೊಬೈಲು ತೋರಿಸಿ, ತೀರ್ಪು ಓದುವ ನ್ಯಾಯಾಧೀಶನ ಗತ್ತಿನಲ್ಲಿ, "ಅವನು ಕೇಳಿದ್ದು ಕೀಲಿ, ದೊಡ್ಡಪ್ಪಾ" ಎಂದೆ.

ಅವರು ನನ್ನನ್ನೇ ನೋಡಿದರು. "ಅಲ್ಲ ಮಾರಾಯ, ಇಪ್ಪತ್ತು ವರ್ಷ ಲಾಡ್ಜಿನ ಕೌಂಟರಿನಲ್ಲಿ ಕೂತವ ನಾನು. ನನಗೆ ಇಂಗ್ಲಿಷಿನಲ್ಲಿ ಒಂದೇ ಒಂದು ಶಬ್ದ ಗೊತ್ತಿದ್ದರೆ ಅದು ಕೀ!"

"ಮತ್ತೆ?"

"ಮತ್ತೆಂತ? ಅವನಿಗೆ ಬೇಕಾದದ್ದು ಕೀ. ನನಗೆ ಬೇಕಾದದ್ದು ನಿನ್ನ ಅಪ್ಪ." ಮೊಬೈಲಿನಲ್ಲಿದ್ದ ಯಂತ್ರದತ್ತ ಬೆರಳು ತೋರಿಸಿದರು. "ಅವನ ಮುಖ ನೋಡುವಾಗಲೇ ಗೊತ್ತಾಯ್ತು, ಇವ ಬಾಗಿಲು ಬಿಡ್ತಾನೆ ಅಂತ. ಅದಕ್ಕೇ ಟಿವಿ ಬಂದ್ ಮಾಡಿದ್ದು."

"ಅಪ್ಪನಿಗೆ ಗೊತ್ತಾಗಲಿಲ್ಲವಾ?"

ದೊಡ್ಡಪ್ಪ ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ಅವ ಕಾರ್ಖಾನೆಯ ಸ್ಟೋರಿನಲ್ಲಿದ್ದವ, ಅವನ ಸೊಂಟದಲ್ಲೇ ಕೀಗೊಂಚಲು! ಚಾ ಅಂಗಡಿಯಲ್ಲಿ ಕೂತ ಮೇಲೆ ಅವ ಆಡಿದ ಮೊದಲ ಮಾತು ಎಂತ ಗೊತ್ತುಂಟಾ? 'ಅಣ್ಣಾ, ಅವ ಕೇಳಿದ್ದು ಕೀ ಅಲ್ವಾ?' ಅಂತ. ನಾನು ಹೌದು ಅಂದೆ. ಇಬ್ಬರೂ ಅಲ್ಲೇ ಅತ್ತೆವು."

ನನಗೂ ಕಣ್ಣು ತುಂಬಿ ಬಂತು. ಇಷ್ಟು ವರ್ಷ ನಂಬಿ ಮೋಸಹೋದವನು ನಾನೊಬ್ಬನೇ! ಹೊಸ ಸಿನಿಮಾದವರ ಮೇಲಿನ ಸಿಟ್ಟೂ ಇಳಿಯಿತು. ಪಾಪ, ಅವರಾದರೂ ಎಲ್ಲಿಂದ ತರಬೇಕಿತ್ತು ಆ ದೃಶ್ಯವನ್ನು?

ಹೊರಡುವ ಹೊತ್ತಿಗೆ ಬಾಗಿಲ ತನಕ ಕಳಿಸಿಕೊಡಲು ದೊಡ್ಡಪ್ಪ ಏಳಹೊರಟರು. ಮೊಣಕಾಲು ಒಪ್ಪಲಿಲ್ಲ. ಕುಳಿತಲ್ಲಿಂದಲೇ ನನ್ನತ್ತ ಕೈ ಚಾಚಿದರು.

"ಕೀ ಬೇಕಾ, ದೊಡ್ಡಪ್ಪಾ?" ಎಂದೆ.

"ಕೀ ನೀನೇ ಇಟ್ಟುಕೊ ಮಾರಾಯ, ಕೈ ಕೊಡು."

ವಾಶಿಯಲ್ಲಿ ಗಾಳಿಯಲ್ಲಿ ನಿಂತೇ ಉಳಿದಿದ್ದ ಬಲಗೈಯನ್ನು ಕೊಟ್ಟೆ.